ಬೆನ್ನು, ಕುತ್ತಿಗೆ ನೋವು: ಯಾವಾಗ, ಯಾವ ಡಾಕ್ಟರ ಬಳಿಗೆ?

ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಬೆನ್ನು ನೋವಿನವರಿಲ್ಲದ ಮನೆ ಹುಡುಕುವುದು ಕಷ್ಟ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ದಿನವಿಡೀ ಬೀಡಿ ಕಟ್ಟಿದ ಅಮ್ಮಂದಿರಿಗೆ ಕುತ್ತಿಗೆ ನೋವು, ಅಡಿಕೆ ಮೂಟೆ ಹೊತ್ತವರಿಗೆ ಸೊಂಟ ನೋವು. ಮೊಬೈಲಿಗೆ ತಲೆ ಬಗ್ಗಿಸಿದ ಮಕ್ಕಳೂ ಈಗ ಕುತ್ತಿಗೆ ಹಿಡಿದುಕೊಳ್ಳುತ್ತಾರೆ. "ವಯಸ್ಸಾಯಿತಲ್ಲ, ಇದ್ದದ್ದೇ" ಎಂದು ವರ್ಷಗಟ್ಟಲೆ ಸಹಿಸುವವರು ನಮ್ಮಲ್ಲಿದ್ದಾರೆ. ಎರಡನೇ ದಿನವೇ ಸ್ಕ್ಯಾನ್ ಮಾಡಿಸಲು ಮಂಗಳೂರಿನ ಬಸ್ಸು ಹತ್ತುವವರೂ ಇದ್ದಾರೆ. ಎರಡೂ ಸರಿಯಲ್ಲ.

ಹೊಸದಾಗಿ ಬಂದ ಬೆನ್ನು ನೋವು ಹೆಚ್ಚಿನವರಲ್ಲಿ 4ರಿಂದ 6 ವಾರಗಳೊಳಗೆ ತಾನಾಗಿ ತಗ್ಗುತ್ತದೆ. ಆದ್ದರಿಂದ ಮೊದಲು ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದ ಅಥವಾ ನಮ್ಮನ್ನು ಬಲ್ಲ ಊರಿನ ಡಾಕ್ಟರನ್ನು ಕಂಡರೆ ಸಾಕು. ಹಾಸಿಗೆ ಹಿಡಿದು ಮಲಗುವುದಕ್ಕಿಂತ, ತಡೆದುಕೊಳ್ಳುವಷ್ಟು ನಡೆದಾಡುವುದೇ ಮೇಲು. ಆರು ವಾರ ಕಳೆದರೂ ಕಡಿಮೆಯಾಗದಿದ್ದರೆ, ಅಥವಾ ನೋವು ಕಾಲಿಗೋ ಕೈಗೋ ಇಳಿಯುತ್ತಿದ್ದರೆ, ತಜ್ಞರ ಬಳಿಗೆ ಕಳುಹಿಸುವಂತೆ ಅವರನ್ನೇ ಕೇಳೋಣ.

ಆದರೆ ಕೆಲವು ಲಕ್ಷಣಗಳಿಗೆ ವಾರ ಎಣಿಸುತ್ತ ಕೂರಬಾರದು. ಮೂತ್ರ ಕಟ್ಟಿಕೊಳ್ಳುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿರುವುದು, ಕಾಲಿನ ಬಲ ಕುಂದುತ್ತ ಹೋಗುವುದು: ಇವು ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕುತ್ತಿಗೆ ನೋವಿನವರಿಗೆ ಅಂಗಿಯ ಗುಂಡಿ ಹಾಕಲು ಕಷ್ಟವಾದರೆ, ನಡಿಗೆ ತಡವರಿಸಿದರೆ, ಬೆನ್ನುಹುರಿ ಒತ್ತಿಹೋಗಿರಬಹುದು. ಬೇಗ ತೋರಿಸಬೇಕು. ಬೆನ್ನು ನೋವಿನ ಜೊತೆ ಸಂಜೆ ಜ್ವರ ಬಂದು ತೂಕ ಇಳಿಯುತ್ತಿದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ನಮ್ಮ ದೇಶದಲ್ಲಿ ಇದು ಅಪರೂಪವಲ್ಲ. ಔಷಧಿಯಿಂದ ಗುಣವಾಗುತ್ತದೆ, ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಔಷಧಿ ಉಚಿತ. ಹಿಂದೆ ಕ್ಯಾನ್ಸರ್ ಬಂದಿದ್ದವರು ಮತ್ತು ಬಿದ್ದ ಮೇಲೆ ನೋವು ಶುರುವಾದ ಹಿರಿಯರು ಕೂಡ ಕಾಯಬಾರದು.

ಇನ್ನು, ಯಾವ ತಜ್ಞರು? ಸಾಮಾನ್ಯವಾಗಿ ಮೂಳೆ ತಜ್ಞರಿಂದ ಆರಂಭ. ಕೈಕಾಲು ಜೋಮು ಹಿಡಿಯುವುದು, ಬಲ ಕುಂದುವುದು ಇದ್ದರೆ ನರರೋಗ ತಜ್ಞರು. ನಲವತ್ತು ದಾಟದ ಯುವಕರಲ್ಲಿ ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬೆನ್ನು ಬಿಗಿದುಕೊಂಡಿದ್ದು, ನಡೆದಾಡಿದಂತೆ ಸಡಿಲವಾಗುತ್ತಿದ್ದರೆ ಅದು ಒಂದು ಬಗೆಯ ಸಂಧಿವಾತವಿರಬಹುದು. ಅದಕ್ಕೆ ಸಂಧಿವಾತ ತಜ್ಞರಿದ್ದಾರೆ. ಇದನ್ನು ಬರೀ ಬೆನ್ನು ನೋವೆಂದು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುವವರಿದ್ದಾರೆ.

ತಜ್ಞರಿಗೆ ನಮಗಾಗಿ ಸಿಗುವ ಸಮಯ ಕೆಲವೇ ನಿಮಿಷ. ಆದ್ದರಿಂದ ಹೋಗುವ ಮೊದಲೇ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳೋಣ: ನೋವು ಯಾವಾಗ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಏನು ಮಾಡಿದರೆ ಹೆಚ್ಚುತ್ತದೆ, ಸಕ್ಕರೆ, ರಕ್ತದೊತ್ತಡಕ್ಕೆ ಯಾವ ಮಾತ್ರೆ ನುಂಗುತ್ತಿದ್ದೇವೆ. ಹಳೆಯ ಎಕ್ಸ್‌ರೇ, ಚೀಟಿಗಳನ್ನೂ ಒಯ್ಯಬೇಕು. ಬರೀ "ನೋವು" ಎಂದರೆ ಸಾಲದು. ಚುಚ್ಚುತ್ತದೆಯೇ, ಉರಿಯುತ್ತದೆಯೇ, ಸೆಳೆಯುತ್ತದೆಯೇ ಎಂಬುದರಿಂದ ನರದ ನೋವೋ ಸ್ನಾಯುವಿನ ನೋವೋ ಎಂಬ ಸುಳಿವು ಸಿಗುತ್ತದೆ. ಕಾಸರಗೋಡು, ಕಾಞಂಗಾಡಿನ ಆಸ್ಪತ್ರೆಗಳಲ್ಲಿ ಡಾಕ್ಟರು ಮಲಯಾಳದಲ್ಲಿ ಕೇಳಬಹುದು. ನಮ್ಮ ಜೋಮು ಅವರಿಗೆ 'ತರಿಪ್ಪ್', ಮರಗಟ್ಟುವುದು 'ಮರವಿಪ್ಪ್'. ಭಾಷೆ ಬಾರದ ಹಿರಿಯರ ಜೊತೆ ತಿಳಿದವರೊಬ್ಬರು ಹೋದರೆ ಒಳ್ಳೆಯದು.

ಸ್ಕ್ಯಾನ್ ವರದಿಯಲ್ಲಿ "ಡಿಸ್ಕ್ ಉಬ್ಬಿದೆ" ಎಂದು ಓದಿ ಎದೆ ನಡುಗಿಸಿಕೊಳ್ಳುವುದು ಬೇಡ. ನೋವೇ ಇಲ್ಲದವರ ಸ್ಕ್ಯಾನ್‌ಗಳ ಬಗೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 20 ವರ್ಷದವರಲ್ಲಿ ಶೇಕಡಾ 30 ಮಂದಿಗೆ, 80 ವರ್ಷದವರಲ್ಲಿ ಶೇಕಡಾ 84 ಮಂದಿಗೆ ಡಿಸ್ಕ್ ಉಬ್ಬಿತ್ತು. ತಲೆ ನರೆತಂತೆ ಬೆನ್ನೂ ಸವೆಯುತ್ತದೆ. ಹಾಗಾಗಿ ಸ್ಕ್ಯಾನ್ ಬರೆದುಕೊಟ್ಟಾಗ, "ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ?" ಎಂದು ವಿನಯದಿಂದ ಕೇಳಬಹುದು. ಆಪರೇಶನ್ ಎಂದರೆ, "ಈಗ ಮಾಡದಿದ್ದರೆ ಏನಾದೀತು?" ಎಂದು ಕೇಳೋಣ. ತುರ್ತಿಲ್ಲದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಯಾರಿಗೂ ಅವಮಾನವಲ್ಲ. ಡಿಸ್ಕ್ ಜಾರಿ ಕಾಲಿಗಿಳಿದ ನೋವು ಕೂಡ ಅನೇಕರಲ್ಲಿ ಕೆಲವು ತಿಂಗಳಲ್ಲಿ ಆಪರೇಶನ್ ಇಲ್ಲದೆಯೇ ಶಮನವಾಗುತ್ತದೆ.

ಮೂರು ತಿಂಗಳಿಗೂ ಮೀರಿದ ಸೊಂಟ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ವ್ಯಾಯಾಮಕ್ಕೂ ರೋಗಿಗೆ ತಿಳಿವಳಿಕೆ ಕೊಡುವುದಕ್ಕೂ ಸ್ಥಾನವಿದೆ. ನಾವು ಆಸೆಯಿಂದ ಕೊಳ್ಳುವ ಸೊಂಟದ ಬೆಲ್ಟನ್ನೂ, ಬೆನ್ನನ್ನು ಎಳೆದು ಮಾಡುವ ಚಿಕಿತ್ಸೆಯನ್ನೂ ವಾಡಿಕೆಯಾಗಿ ಬಳಸಬೇಡಿ ಎಂದಿದೆ. ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮವನ್ನು ನಾಲ್ಕು ದಿನ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ, ಅದು ಮನೆಯಲ್ಲಿ ಮುಂದುವರಿಯಬೇಕು. ಅಂಗಡಿಯಿಂದ ತಾವೇ ತಂದು ದಿನಾಲೂ ನುಂಗುವ ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡೀತು, ಮೂತ್ರಪಿಂಡ ಕೆಡಿಸೀತು. ಸಕ್ಕರೆ ಕಾಯಿಲೆಯವರಿಗಂತೂ ಈ ಭಯ ಹೆಚ್ಚು.

ಕೊನೆಯದಾಗಿ ಮನೆಮಂದಿಗೊಂದು ಮಾತು. ತನ್ನ ನೋವನ್ನು ತಾನಾಗಿ ಹೇಳುವ ಅಮ್ಮಂದಿರು ನಮ್ಮಲ್ಲಿ ಕಡಿಮೆ. ಪೂಜೆಯಲ್ಲಿ ಎಲ್ಲರೂ ಮೊಣಕಾಲೂರಿದಾಗ ಬೆಂಚು ಹಿಡಿದು ನಿಂತೇ ಇರುವವರನ್ನು, ಬಾವಿಕಟ್ಟೆಯಲ್ಲಿ ಕೊಡ ಇಳಿಸಿ ಸೊಂಟಕ್ಕೆ ಕೈಕೊಟ್ಟವರನ್ನು ನಾವೇ ಗಮನಿಸಿ ಕೇಳಬೇಕು. ಡಾಕ್ಟರು "ಭಾರ ಎತ್ತಬೇಡಿ" ಎಂದರೆ, ಆ ಕೊಡವನ್ನು ಮನೆಯ ಇನ್ಯಾರಾದರೂ ಎತ್ತಲೇಬೇಕಲ್ಲವೇ?