ರಾಜೀನಾಮೆ ಬರೆಯುವ ಮುನ್ನ

‘ತೆಗೆಯುವ ಮೊದಲೇ ಬಿಟ್ಟರೆ ಮರ್ಯಾದೆ ಉಳಿಯುತ್ತದೆ’ ಎಂಬ ಲೇಖನದ ವಾದ ತುಮಕೂರು ಸದಾಶಿವನಗರದ ಬಾಡಿಗೆ ಮನೆಗಳಲ್ಲಿ ನಿಲ್ಲುವುದಿಲ್ಲ.

ಇದೇ ಊರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯನ್ನು ಲೇಖಕರು ಮರೆತಿದ್ದಾರೆ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿದ ಕೇಂದ್ರ ಸಂಪುಟ, ಉಳಿದ ನೌಕರರಿಗೆ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ಸ್ವಯಂನಿವೃತ್ತಿ ಪರಿಹಾರ ಕೊಡಲು ತೀರ್ಮಾನಿಸಿತು. ಗುಸುಗುಸುವಿಗೆ ಹೆದರಿ ಮೊದಲೇ ಬರಿಗೈಲಿ ರಾಜೀನಾಮೆ ಕೊಟ್ಟವರಿಗೆ ಅದು ದಕ್ಕುವಂತಿರಲಿಲ್ಲ.

ಖಾಸಗಿಯಲ್ಲೂ ಅಷ್ಟೇ. ವರ್ಷವಿಡೀ ಸತತ ದುಡಿದ ಕಾರ್ಮಿಕರನ್ನು ಹೆಚ್ಚುವರಿಯೆಂದು ತೆಗೆದರೆ ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ತಾವಾಗಿ ಬಿಟ್ಟವರಿಗೆ ಈ ಪರಿಹಾರವಿಲ್ಲ.

ದುರ್ನಡತೆಯ ಆರೋಪವಿದ್ದರೆ ಮಾತು ಬೇರೆ. ಅಲ್ಲಿ ಲೇಖಕರ ಸಲಹೆಗೆ ತೂಕವಿದೆ. ಆದರೆ ‘ನೀವೇ ಬರೆದುಕೊಡಿ’ ಎಂದು ಕಾಗದ ಮುಂದಿಟ್ಟಾಗ, ಸಹಿಗೆ ಮೊದಲು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಲೇಬೇಕು.