ಪಂಜು ಮತ್ತು ಪೆಟ್ರೊಮ್ಯಾಕ್ಸ್

ಘಟ್ಟದ ಕಾಡು ತೆಳುವಾಗುತ್ತ ಬಂದು, ಧಾರವಾಡದ ಬಯಲು ಇನ್ನೂ ತೆರೆದುಕೊಳ್ಳದ ನಡುಸೀಮೆಯಲ್ಲಿ, ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿ ಇಂದೂರ ಎಂಬ ಊರಿದೆ. ಅದರ ಒಂದು ಮಗ್ಗುಲಿಗೆ ಶಿರಸಿಯ ಕಡೆಯ ಯಕ್ಷಗಾನ. ಇನ್ನೊಂದು ಮಗ್ಗುಲಿಗೆ ಬಯಲುಸೀಮೆಯ ದೊಡ್ಡಾಟ. ಇಂಥ ಸೀಮೆಯವರನ್ನು ನಾಟಕವೆಂದರೆ ಯಾವುದು ಎಂದು ಕೇಳಿದರೆ ಒಂದೇ ಉತ್ತರ ದೊರೆಯಲಾರದು. ನೆರೆಯ ಶಿರಸಿಯಲ್ಲಿ ಬಾಲ್ಯವನ್ನು ಕಳೆದ ನಾಟಕಕಾರರೊಬ್ಬರಿಗೂ ಅದು ಬಹುಕಾಲ ದೊರೆತಿರಲಿಲ್ಲ. ಅವರೇ ಗಿರೀಶ ಕಾರ್ನಾಡರು (1938-2019).

ಬಾಲಕ ಗಿರೀಶನು ಕಂಡ ರಂಗಭೂಮಿಗಳು ಎರಡು. ವೃತ್ತಿನಾಟಕ ಕಂಪನಿಗಳು ಊರಿಗೆ ಬಂದಾಗ ವೈದ್ಯರಾಗಿದ್ದ ತಂದೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಪರದೆಗಳುಂಟು, ಪಕ್ಕದ ರೆಕ್ಕೆಗಳುಂಟು, ಪೆಟ್ರೊಮ್ಯಾಕ್ಸಿನ ಬಿಳಿಯ ಬೆಳಕುಂಟು. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಯಕ್ಷಗಾನ ನಡೆಯುತ್ತಿತ್ತು. ಅದಕ್ಕೆ ಪಂಜಿನ ಬೆಳಕು. ಅಲ್ಲಿಗೆ ಹುಡುಗನು ಹೋಗುತ್ತಿದ್ದುದು ಮನೆಯ ಆಳುಗಳೊಡನೆ. ಕಂಪನಿ ನಾಟಕಕ್ಕೆ ತಂದೆಯ ಜೊತೆ, ಬಯಲಾಟಕ್ಕೆ ಆಳಿನ ಜೊತೆ! ಯಾವುದು ದೊಡ್ಡವರ ಕಲೆ, ಯಾವುದು ಸಣ್ಣವರ ಕಲೆ ಎಂಬ ಪಾಠವನ್ನು ಮಗುವಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಜೊತೆಗೆ ಯಾರು ನಡೆದರು ಎಂಬುದೇ ಅದನ್ನು ಕಲಿಸುತ್ತದೆ.

ಹುಡುಗನು ಆ ಪಾಠವನ್ನು ಚೆನ್ನಾಗಿಯೇ ಕಲಿತನು. ಹದಿಹರೆಯಕ್ಕೆ ಕಾಲಿಡುವ ವೇಳೆಗೆ ನಾಟಕ ಕಂಪನಿಗಳು ನಿಂತುಹೋಗಿದ್ದವು. ಯಕ್ಷಗಾನವು ಹಳೆಯ ಕಾಲದ ವಿಚಿತ್ರವಾಗಿ, ನಗೆಪಾಟಲಿನ ವಸ್ತುವಾಗಿ ತೋರತೊಡಗಿತ್ತು. ಇದನ್ನು ಮುಂದೆ ಕಾರ್ನಾಡರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಕುಟುಂಬವು ಧಾರವಾಡಕ್ಕೆ ಬಂದಿತು. ಅಲ್ಲಿ ಕಾಲೇಜಿತ್ತು, ವಿದ್ಯುದ್ದೀಪವಿತ್ತು, ವೃತ್ತಿರಂಗಭೂಮಿ ಇರಲಿಲ್ಲ.

ಪದವಿಯ ತರುವಾಯ ಮುಂಬಯಿಗೆ ಹೋದ ತರುಣನು, ಇಬ್ರಾಹಿಂ ಅಲ್ಕಾಜಿಯವರು ನಿರ್ದೇಶಿಸಿದ ಸ್ಟ್ರಿಂಡ್‌ಬರ್ಗನ 'ಮಿಸ್ ಜೂಲಿ'ಯನ್ನು ನೋಡಿದನು. ಮನುಷ್ಯನ ಒಡಲಾಳವನ್ನು ಹಾಗೆ ಬಿಚ್ಚಿಡಬಹುದೆಂಬುದು ಆತನನ್ನು ತಲ್ಲಣಗೊಳಿಸಿತು. ಅಷ್ಟೇ ಬೆರಗುಗೊಳಿಸಿದುದು ಮತ್ತೊಂದು ಸಂಗತಿ: ರಂಗದ ದೀಪಗಳು ಮೆಲ್ಲಮೆಲ್ಲನೆ ಅರಳುತ್ತಿದ್ದವು, ಮೆಲ್ಲಮೆಲ್ಲನೆ ಬಾಡುತ್ತಿದ್ದವು! ಲಾಟೀನಿನ ಮನೆಯಲ್ಲಿ ಬೆಳೆದವನಿಗೆ ಇದು ಇಂದ್ರಜಾಲವಲ್ಲದೆ ಮತ್ತೇನು?

ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬುದು ಆತನ ಹಂಬಲವಾಗಿತ್ತು. ಆದರೆ ಆಕ್ಸ್‌ಫರ್ಡಿಗೆ ಹೊರಡುವ ಮುನ್ನಿನ ವಾರಗಳಲ್ಲಿ, ಮನೆಯವರ ಆತಂಕ ಒಂದು ಕಡೆ, ತನ್ನ ಬಯಕೆ ಇನ್ನೊಂದು ಕಡೆ ಎಳೆಯುತ್ತಿದ್ದಾಗ, ಲೇಖನಿಯಿಂದ ಇಳಿದುದು ನಾಟಕ, ಅದೂ ಕನ್ನಡದಲ್ಲಿ, ಅದೂ ಮಹಾಭಾರತದ ಕಥೆ. ತಂದೆಗಾಗಿ ತನ್ನ ಯೌವನವನ್ನು ತೆತ್ತ ಮಗನ ಕಥೆಯಾದ 'ಯಯಾತಿ'ಯನ್ನು 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯು ಪ್ರಕಟಿಸಿತು. 1964ರಲ್ಲಿ 'ತುಘಲಕ್' ಬಂದಿತು. ಆದರೆ ಪಂಜಿನ ಬೆಳಕಿನ ಋಣ ಇನ್ನೂ ತೀರಿರಲಿಲ್ಲ.

ಅದು ತೀರತೊಡಗಿದುದು 1971ರ 'ಹಯವದನ'ದಲ್ಲಿ. ಮುಖವಾಡದ ಅರ್ಥವೇನು, ರಂಗಭೂಮಿಗೂ ಸಂಗೀತಕ್ಕೂ ನಂಟೇನು ಎಂದು ಬಿ. ವಿ. ಕಾರಂತರೊಡನೆ ನಡೆದ ವಾಗ್ವಾದದ ನಡುವೆ ಆ ನಾಟಕವು ಮನಸ್ಸಿನಲ್ಲಿ ಹರಳುಗಟ್ಟಿತಂತೆ. ಕಾರಂತರು ಬಾಲ್ಯದಲ್ಲಿ ಮನೆಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದವರು. ಕಂಪನಿಯ ಮನೆಯಲ್ಲಿ ಬೆಳೆದವರೊಡನೆ ವಾದಿಸುತ್ತ ಶಿರಸಿಯ ಹುಡುಗನು ಬಯಲಾಟಕ್ಕೆ ಮರಳಿದುದು ಎಂಥ ಸೊಗಸು! ಗಣಪತಿಯ ಪೂಜೆ, ಭಾಗವತ, ಇಬ್ಬರು ಹಿಡಿದು ನಿಲ್ಲುವ ತೆರೆ, ಹಾಡು: ಒಮ್ಮೆ ನಗೆ ಬರಿಸಿದ್ದ ಸಾಮಗ್ರಿಯೆಲ್ಲ ಇಲ್ಲಿ ಗಂಭೀರವಾದ ಪ್ರಶ್ನೆಯೊಂದನ್ನು ಹೊತ್ತು ನಿಂತಿತು. ತಲೆ ಒಬ್ಬನದು, ದೇಹ ಇನ್ನೊಬ್ಬನದು; ಹಾಗಾದರೆ ಮನುಷ್ಯ ಯಾರು? ತಂದೆಯ ಜೊತೆ ಕಂಡ ರಂಗ, ಆಳಿನ ಜೊತೆ ಕಂಡ ರಂಗ ಎಂಬ ಎರಡು ತುಂಡುಗಳನ್ನು ಹೊತ್ತ ನಾಟಕಕಾರನಿಗೆ ಈ ಪ್ರಶ್ನೆ ಹೊರಗಿನದಾಗಿರಲಿಲ್ಲ.

1988ರ 'ನಾಗಮಂಡಲ'ದಲ್ಲಿ ದೀಪಗಳೇ ಪಾತ್ರಗಳಾಗುತ್ತವೆ. ಊರ ಮನೆಗಳಲ್ಲಿ ಆರಿಸಲ್ಪಟ್ಟ ಜ್ಯೋತಿಗಳು ಇರುಳಿನಲ್ಲಿ ಹಾಳುಗುಡಿಗೆ ಬಂದು, ತಮ್ಮ ತಮ್ಮ ಮನೆಯ ಕಥೆಗಳನ್ನು ಹರಟುತ್ತವೆ. ಅಲ್ಲಿ ಕುಳಿತವನೊಬ್ಬ ನಾಟಕಕಾರ. ತನ್ನ ನಾಟಕಗಳಿಂದ ಜನರಿಗೆ ನಿದ್ದೆ ಬರಿಸಿದ ಪಾಪಕ್ಕಾಗಿ ಆತನೀಗ ಒಂದು ಇರುಳು ಎಚ್ಚರವಿರಬೇಕು, ಇಲ್ಲವಾದರೆ ಸಾವು. ಪಂಡಿತರ ಪ್ರಶಂಸೆಯಿದ್ದರೂ ಪ್ರೇಕ್ಷಕನು ತೂಕಡಿಸಿದರೆ ನಾಟಕಕಾರನಿಗೆ ಉಳಿಗಾಲವಿಲ್ಲವೆಂಬ ಈ ಮಾತು ಬರಿಯ ವಿನೋದವಲ್ಲ. ಆಳುಗಳ ನಡುವೆ ಕುಳಿತು ಬೆಳಗಿನವರೆಗೆ ಎಚ್ಚರವಿದ್ದ ಬಾಲಕನ ಸಾಕ್ಷ್ಯವೂ ಹೌದು.

ಕಾರ್ನಾಡರು ಸಿನಿಮಾವನ್ನೂ ದೂರವಿಡಲಿಲ್ಲ. 1970ರ 'ಸಂಸ್ಕಾರ'ಕ್ಕೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾಗಿ ನಟಿಸಿದವರೇ, 2012ರಲ್ಲಿ 'ಏಕ್ ಥಾ ಟೈಗರ್' ಎಂಬ ಜನಪ್ರಿಯ ಹಿಂದಿ ಚಿತ್ರದಲ್ಲಿಯೂ ಕಾಣಿಸಿಕೊಂಡರು. 1998ರ ಜ್ಞಾನಪೀಠ ಪ್ರಶಸ್ತಿಯೊಡನೆ ಇದು ಹೇಗೆ ಹೊಂದೀತೆಂದು ಹುಬ್ಬೇರಿಸುವವರುಂಟು. ಆದರೆ ಪರದೆಯನ್ನು ಅವರು ಕುರುಡಾಗಿ ನಂಬಿದವರೂ ಅಲ್ಲ. ಬೆಂಗಳೂರಿನ ರಂಗಶಂಕರದಲ್ಲಿ ಬೆಳಕು ಕಂಡ 'ಒಡಕಲು ಬಿಂಬ'ದಲ್ಲಿ, ಟೆಲಿವಿಷನ್ನಿನ ಮುಂದೆ ಸೊಗಸಾಗಿ ಸುಳ್ಳಾಡಿದ ಲೇಖಕಿಯನ್ನು ಪರದೆಯ ಮೇಲಿನ ಅವಳದೇ ಬಿಂಬವು ತಡೆದು ನಿಲ್ಲಿಸಿ ಪ್ರಶ್ನಿಸುತ್ತದೆ.

ಪಂಜು ಹೋಗಿ ಪೆಟ್ರೊಮ್ಯಾಕ್ಸ್ ಬಂದಿತು, ಅದು ಹೋಗಿ ವಿದ್ಯುತ್ತು ಬಂದಿತು. ಇಂದು ಇಂದೂರದಂಥ ಊರಿನ ಹುಡುಗನ ಅಂಗೈಯಲ್ಲಿ ಮೊಬೈಲಿನ ಬೆಳಕಿದೆ. ಅದರಲ್ಲಿ ಆತ ನೋಡುವುದನ್ನೆಲ್ಲ ಕೀಳೆಂದು ತಳ್ಳಿಬಿಡುವುದು ಓದಿದವರಿಗೆ ಸುಲಭ. ಹಾಗೆ ತಳ್ಳುವ ಮೊದಲು ಒಂದನ್ನು ನೆನೆಯುವುದು ಲೇಸು. ಒಮ್ಮೆ ಹಗುರವಾಗಿ ಕಂಡ ಯಕ್ಷಗಾನದ ಕಡೆಗೆ ಮರಳಲು ಕಾರ್ನಾಡರಂಥ ಪ್ರತಿಭಾವಂತರಿಗೂ ಇಪ್ಪತ್ತು ವರ್ಷಗಳ ಸುಮಾರು ಹಿಡಿಯಿತು. ಮರಳುವ ದಾರಿ ಎಲ್ಲರಿಗೂ ಸಿಕ್ಕೀತೆಂಬ ಭರವಸೆಯೇನೂ ಇಲ್ಲ. ಇಂದಿನ ಹುಡುಗನನ್ನು ಸುಗ್ಗಿ ಕಳೆದ ಒಂದು ಇರುಳು ಆಟಕ್ಕೆ ಕರೆದೊಯ್ಯುವುದಾದರೆ, ಈ ಸಲ ಆಳಿನ ಕೈಗೆ ಒಪ್ಪಿಸದೆ, ತಂದೆಯೇ ಜೊತೆಗೆ ಹೋಗಿ ಕುಳಿತುಕೊಳ್ಳಲಿ.