ಮನೆಯ ಎತ್ತು, ಕಣದ ಎತ್ತು

ಜ್ಯೇಷ್ಠ ಮಾಸದ ಹುಣ್ಣಿಮೆಯು ನಮ್ಮ ಸೀಮೆಯ ಒಕ್ಕಲಿಗನಿಗೆ ಎಂತಹ ಸುದಿನವೆಂಬುದನ್ನು ವಾಚಕ ಮಹಾಶಯರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಕಾರಹುಣ್ಣಿಮೆಯ ದಿವಸ ಎತ್ತುಗಳ ಮೈತೊಳೆದು, ಕೊಂಬುಗಳಿಗೆ ಬಣ್ಣವನ್ನು ಬಳಿದು, ಕೊರಳಿಗೆ ಗೆಜ್ಜೆಸರವನ್ನು ಕಟ್ಟಿ, ಹೋಳಿಗೆಯನ್ನು ತಿನ್ನಿಸಿ, ಸಾಯಂಕಾಲಕ್ಕೆ ಅಗಸೆಯ ಬಾಗಿಲಿಗೆ ಹೊಡೆದುಕೊಂಡು ಹೋಗುವರು. ಅಲ್ಲಿ ಬೇವಿನ ತೊಪ್ಪಲನ್ನು ಕಟ್ಟಿದ ಹಗ್ಗವೊಂದನ್ನು ಅಡ್ಡಲಾಗಿ ಬಿಗಿದಿರುವುದು. ಮುಂದಾಗಿ ಓಡಿ ಅದನ್ನು ಹರಿಯುವ ಎತ್ತೇ ಕರಿ ಹರಿದ ಎತ್ತು. ಬಿಳಿಯ ಎತ್ತು ಹರಿದರೆ ಹಿಂಗಾರಿಯ ಜೋಳವೂ, ಕೆಂದೆತ್ತು ಹರಿದರೆ ಮುಂಗಾರಿಯ ಪೈರೂ ಹುಲುಸಾಗುವುದೆಂದು ಹಿರಿಯರ ನಂಬುಗೆ. ನಂಬುಗೆಯ ಮಾತು ಹಾಗಿರಲಿ. ಅಂದು ಸಂಜೆ ಗೆದ್ದ ಎತ್ತು ಮರುದಿನ ಬೆಳಗ್ಗೆ ಕುಂಟೆಗೆ ಹೂಡುವ ಎತ್ತೇ ಆಗಿರುತ್ತಿದ್ದಿತು. ನಮಗೆ ಮುಖ್ಯವೆನಿಸುವುದು ಇದು.

ಕೆಲವು ದಿನಗಳ ಹಿಂದೆ ಮಾನವಿ ತಾಲೂಕಿನ ಹಳ್ಳಿಯೊಂದರಿಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಮನೆಯಲ್ಲಿರುವ ಜೋಡಿಯನ್ನು ಮಾರಿ, ಮೇಲಿಷ್ಟು ಸಾಲವನ್ನೂ ಮಾಡಿ, ಒಂಗೋಲು ತಳಿಯ ಪಂದ್ಯದ ಜೋಡಿಯೊಂದನ್ನು ಕೊಳ್ಳಬೇಕೆಂಬುದು ಅವನ ಹಟ. ತಂದೆಗೆ ಮನಸ್ಸಿಲ್ಲ. “ಮಾಸ್ತರ್ರೀ, ನೀವೊಂದು ಮಾತು ಹೇಳ್ರಿ, ನಮ್ಮಪ್ಪ ಕೇಳ್ತಾನ” ಎಂದು ಕೈಮುಗಿದನು. ಹೊಲವನ್ನು ಯಾವುದರಿಂದ ಉಳುವೆಯಪ್ಪಾ ಎಂದು ಕೇಳಲು, ಬಾಡಿಗೆಯ ಟ್ರ್ಯಾಕ್ಟರಿನಿಂದ ಎಂದನು. ಪಂದ್ಯದ ಎತ್ತಿಗೆ ನೇಗಿಲು ಹೂಡಿದರೆ ಕೆಟ್ಟುಹೋಗುವುದಂತೆ.

ಹುಡುಗನ ಆಸೆಯನ್ನು ತಪ್ಪೆನ್ನುವಂತಿಲ್ಲ. ರಾಯಚೂರಿನಲ್ಲಿ ಕಾರಹುಣ್ಣಿಮೆಯ ಸಮಯಕ್ಕೆ ಮುನ್ನೂರು ಕಾಪು ಸಮಾಜದವರು ನಡೆಸುತ್ತ ಬಂದಿರುವ ಮುಂಗಾರು ಹಬ್ಬದ ಕಲ್ಲೆಳೆಯುವ ಪಂದ್ಯವನ್ನು ನೋಡಿದವರಿಗೆ ಅದರ ಸೆಳೆತ ಗೊತ್ತು. ರಾಜೇಂದ್ರ ಗಂಜಿನ ಬಯಲಿನಲ್ಲಿ ಒಂದೂವರೆ ಟನ್ನಿನಿಂದ ಎರಡೂವರೆ ಟನ್ನಿನ ತೂಕದ ಕಲ್ಲನ್ನು ನೊಗಕ್ಕೆ ಬಿಗಿದು, ಗೊತ್ತಾದ ಕಾಲದೊಳಗೆ ಯಾವ ಜೋಡಿ ಎಷ್ಟು ದೂರ ಎಳೆಯಿತೆಂಬುದನ್ನು ಅಳೆಯುವರು. ಆಂಧ್ರ, ತೆಲಂಗಾಣಗಳಿಂದಲೂ ಜೋಡಿಗಳು ಬರುವುವು. ತೆಲುಗರ ಪಂದ್ಯಗಳಲ್ಲಿ ಹಲ್ಲಿನ ಲೆಕ್ಕದಿಂದ ವರ್ಗಗಳನ್ನು ಮಾಡುವ ಕ್ರಮವುಂಟು: ಹಾಲುಹಲ್ಲಿನವು, ಎರಡು ಹಲ್ಲಿನವು, ನಾಲ್ಕರವು, ಆರರವು. ಎತ್ತರವಾದ ಇಣಿ, ಅಗಲವಾದ ಎದೆ, ಮಂಜಿನಂತೆ ಬಿಳುಪಾದ ಮೈ. ಆ ಒಂಗೋಲು ಎತ್ತುಗಳು ಮೊಣಕಾಲನ್ನು ಊರುವಷ್ಟು ಬಾಗಿ ಕಲ್ಲನ್ನು ಮೊದಲ ಸಲ ಕದಲಿಸುವ ಕ್ಷಣದಲ್ಲಿ ಸುತ್ತಲಿನ ಸಾವಿರಾರು ಜನರು ಉಸಿರು ಬಿಗಿಹಿಡಿಯುವರು. ನಾವೂ ಹಿಡಿದಿದ್ದೇವೆ.

ಆದರೆ ಆ ಹುಡುಗನ ಮಾತಿನಿಂದ ನಮಗೆ ನೆನಪಾದುದು ಬೇರೊಂದು ಪಂದ್ಯ. ನಮ್ಮ ತಂಗಿಯ ಮಗನು ಮೋಟಾರು ಓಟಗಳ ಹುಚ್ಚಿನವನು. ಯುರೋಪಿನಲ್ಲಿ ನಡೆಯುವ ‘ಸ್ಟಾಕ್ ಕಾರ್’ ಪಂದ್ಯಮಾಲೆಯನ್ನು ಅವನು ನಮಗೆ ತೋರಿಸಿ, ಅದರ ಪೂರ್ವವೃತ್ತಾಂತವನ್ನೂ ಹೇಳಿದ್ದನು. ಸ್ಟಾಕ್ ಕಾರೆಂದರೆ ಅಂಗಡಿಯಲ್ಲಿ ಯಾರಿಗಾದರೂ ದೊರೆಯುವ, ಸಂಸಾರಸ್ಥರು ಕೊಳ್ಳುವ ಕಾರು. ಅಮೆರಿಕೆಯಲ್ಲಿ 1948ರಲ್ಲಿ ನ್ಯಾಸ್ಕಾರ್ ಎಂಬ ಸಂಸ್ಥೆ ಹುಟ್ಟಿತು. ಮರುವರ್ಷ, 1949ರ ಜೂನ್ 19ರಂದು, ಷಾರ್ಲಟ್ ಎಂಬ ಊರಿನಲ್ಲಿ ಅಂಗಡಿಯ ಕಾರುಗಳಿಗೆಂದೇ ಮೊದಲ ಪಂದ್ಯ ಏರ್ಪಟ್ಟಿತು. ಯಾವ ಮಾರ್ಪಾಡನ್ನೂ ಮಾಡಕೂಡದೆಂಬುದು ನಿಯಮ. ಗ್ಲೆನ್ ಡನವೇ ಎಂಬವನು ಫೋರ್ಡ್ ಗಾಡಿಯನ್ನು ಓಡಿಸಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದನು. ಓಟ ಮುಗಿದ ಮೇಲೆ ಪರೀಕ್ಷಕರು ಗಾಡಿಯ ಅಡಿಯನ್ನು ಬಗ್ಗಿ ನೋಡಲು, ಹಿಂದಿನ ಸ್ಪ್ರಿಂಗುಗಳನ್ನು ಮಾರ್ಪಡಿಸಿದ್ದುದು ಕಂಡುಬಂದಿತು. ಅದು ಕಳ್ಳಭಟ್ಟಿ ಸಾಗಿಸುವವರು ಮಾಡಿಕೊಳ್ಳುತ್ತಿದ್ದ ಉಪಾಯ! ಬಹುಮಾನವು ಎರಡನೆಯವನಾದ ಜಿಮ್ ರೋಪರನ ಪಾಲಾಯಿತು. ಗಾಡಿಯ ಒಡೆಯನು ನ್ಯಾಯಾಲಯಕ್ಕೆ ಹೋಗಿಯೂ ಸೋತನು.

ಅಷ್ಟು ಕಟ್ಟುನಿಟ್ಟಾಗಿ ಆರಂಭವಾದ ಪಂದ್ಯದಲ್ಲಿ ಇಂದು ಅಂಗಡಿಯ ಕಾರು ಒಂದೂ ಇಲ್ಲ. ಉಕ್ಕಿನ ಕೊಳವೆಗಳ ಹಂದರವನ್ನು ಪಂದ್ಯಕ್ಕಾಗಿಯೇ ಬೆಸೆದು, ಮೇಲೆ ಅಂಗಡಿಯ ಕಾರಿನ ಹೋಲಿಕೆಯ ಹೊದಿಕೆಯನ್ನು ತೊಡಿಸುವರು. ಹೆಸರು ಮಾತ್ರ ಉಳಿದಿದೆ. 2009ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಗಿ 2012ರಲ್ಲಿ ನ್ಯಾಸ್ಕಾರಿನ ಆಶ್ರಯಕ್ಕೆ ಬಂದ ಯುರೋಪಿನ ಮಾಲೆಯಲ್ಲಿಯೂ ಇದೇ ಸ್ಥಿತಿ. 2023ರ ಋತುವು ಸ್ಪೇನಿನ ವ್ಯಾಲೆನ್ಸಿಯಾದಲ್ಲಿ ತೊಡಗಿ, ಇಂಗ್ಲೆಂಡು, ಇಟಲಿ, ಚೆಕ್, ಜರ್ಮನಿಗಳನ್ನು ಸುತ್ತಿ, ಬೆಲ್ಜಿಯಮಿನ ಜೋಲ್ಡರಿನಲ್ಲಿ ಮುಗಿಯಿತು. ಇಟಲಿಯ ಜಾನ್‌ಮಾರ್ಕೊ ಎರ್ಕೊಲಿ ಗೆದ್ದನು. ಆದರೆ ಆ ಜನರು ಒಂದು ವಿವೇಕವನ್ನು ತೋರಿಸಿದ್ದಾರೆ. ಎಲ್ಲ ಗಾಡಿಗಳಿಗೂ ಒಂದೇ ಬಗೆಯ ಹಂದರ, ಸುಮಾರು 400 ಅಶ್ವಶಕ್ತಿಯ ಒಂದೇ ಬಗೆಯ ಯಂತ್ರ. ಒಂದೇ ಗಾಡಿಯನ್ನು ಇಬ್ಬರು ಚಾಲಕರು ಬೇರೆಬೇರೆ ವರ್ಗದ ಓಟಗಳಲ್ಲಿ ಓಡಿಸುವುದೂ ಉಂಟು. ಆದುದರಿಂದ ಹಣದ ಚೀಲ ಒಂದರಿಂದಲೇ ಗೆಲ್ಲಲಾಗದು. ಕೈಯ ಚಾತುರ್ಯ ಬೇಕು.

ಎತ್ತನ್ನು ಹಾಗೆ ಅಚ್ಚಿನಲ್ಲಿ ಹೊಯ್ಯಲಾದೀತೆ? ಲಕ್ಷಗಳ ಲೆಕ್ಕದಲ್ಲಿ ಕೊಂಡ ಜೋಡಿಯ ಎದುರಿಗೆ ಎರೆಭೂಮಿಯಲ್ಲಿ ಕೂರಿಗೆ ಎಳೆದ ಜೋಡಿಯನ್ನು ನಿಲ್ಲಿಸುವವರಾರು? ಎರೆಭೂಮಿಯ ಕೆಸರಿನಲ್ಲಿ ದುಡಿಯಲೆಂದೇ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ಕೃಷ್ಣಾ ಕಣಿವೆಯ ತಳಿಯು ಇಂದು ಬಹಳ ವಿರಳವಾಗಿದೆ. ದೇವದುರ್ಗದ ಕಡೆ ನಾರಾಯಣಪುರದ ಕಾಲುವೆಯೂ, ಮಾನವಿಯ ಕಡೆ ತುಂಗಭದ್ರೆಯ ಎಡದಂಡೆಯ ಕಾಲುವೆಯೂ ಬಂದು ಭತ್ತದ ಗದ್ದೆಗಳಾದುವು. ಗದ್ದೆಗೆ ಟ್ರ್ಯಾಕ್ಟರು ಬಂದಿತು. ಹಟ್ಟಿಯಲ್ಲಿ ಎತ್ತು ಕರಗಿತು. ಎತ್ತು ಉಳಿಯುವುದಾದರೆ ಪಂದ್ಯದಿಂದಲೇ ಉಳಿಯಲಿ ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ತಿರುಳಿಲ್ಲವೆಂದು ನಾವು ಹೇಳೆವು. ಕಾನೂನೂ ಈ ಜಗ್ಗಾಟವನ್ನು ಕಂಡಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನ ಬಂಡಿಯ ಓಟವನ್ನೂ ತಡೆಯಿತು; 2017ರಲ್ಲಿ ಕರ್ನಾಟಕದ ಶಾಸನಸಭೆಯು ಕಂಬಳ, ಎತ್ತಿನ ಓಟ, ಬಂಡಿಯ ಓಟಗಳಿಗಾಗಿ ತಿದ್ದುಪಡಿಯನ್ನು ತಂದಿತು; 2023ರ ಮೇ 18ರಂದು ಅದೇ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪ್ರಾಣಿಗೆ ವೃಥಾ ಹಿಂಸೆಯಾಗಕೂಡದೆಂಬ ಹೊಣೆಯೇನೋ ಹೋಗಲಿಲ್ಲ.

ಐತರೇಯ ಬ್ರಾಹ್ಮಣದಲ್ಲಿ ದೇವತೆಗಳ ಓಟದ ಕಥೆಯೊಂದುಂಟು. ಅಗ್ನಿಯು ಹೇಸರಗತ್ತೆಗಳ ರಥದಲ್ಲಿಯೂ, ಉಷಸ್ಸು ಕೆಂಬಣ್ಣದ ಗೋವುಗಳ ರಥದಲ್ಲಿಯೂ, ಇಂದ್ರನು ಕುದುರೆಗಳ ರಥದಲ್ಲಿಯೂ ಓಡಿದರು. ಗೆದ್ದವರು ಕತ್ತೆಗಳನ್ನು ಹೂಡಿದ ಅಶ್ವಿನೀದೇವತೆಗಳು! ಪಾಠ ಹೇಳುವಾಗ ಮಕ್ಕಳು ಇಲ್ಲಿಗೆ ಬಂದು ನಗುತ್ತಿದ್ದರು. ಮುಂದಿನದನ್ನು ಕೇಳಿ ಸುಮ್ಮನಾಗುತ್ತಿದ್ದರು: ಆ ಓಟದಲ್ಲಿ ಅಗ್ನಿಯ ತಾಪದಿಂದ ಹೇಸರಗತ್ತೆಗೆ ಬಸಿರು ಇಲ್ಲದಾಯಿತು, ಗೆದ್ದ ಕತ್ತೆಯ ವೇಗವೆಲ್ಲ ಅಂದಿಗೇ ತೀರಿಹೋಗಿ, ಹೊರೆ ಹೊರುವ ಪ್ರಾಣಿಗಳಲ್ಲೆಲ್ಲ ಅದೇ ಮಂದಗಾಮಿಯಾಯಿತು. ಜಯವು ದೇವತೆಗಳಿಗೆ, ವೆಚ್ಚವು ಪ್ರಾಣಿಗೆ.

ಈ ಕಥೆಯನ್ನು ಆ ಹುಡುಗನಿಗೂ ಹೇಳಿದೆವು. ಪಂದ್ಯವನ್ನು ಬಿಡೆಂದು ಹೇಳಲಿಲ್ಲ. ಸಾಲ ಮಾಡಿ ಕೊಂಡ ಎತ್ತು ಒಂದು ಋತುವಿನಲ್ಲಿ ಕಾಲು ಉಳುಕಿಸಿಕೊಂಡರೆ ಅದು ಹೊಲಕ್ಕೂ ಇಲ್ಲ, ಕಣಕ್ಕೂ ಇಲ್ಲ. ಬಡ್ಡಿ ಮಾತ್ರ ಕುಂಟದೆ ನಡೆಯುವುದು ಎಂದೆವು. ಪಂದ್ಯ ನಡೆಸುವ ಮಹನೀಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಅಷ್ಟು ವರ್ಗಗಳಿರುವಲ್ಲಿ, ಆ ವರ್ಷ ಹೊಲದಲ್ಲಿ ದುಡಿದ ಜೋಡಿಗಳಿಗೇ ಒಂದು ವರ್ಗವಿರಲಿ. ಷಾರ್ಲಟಿನ ಪರೀಕ್ಷಕರು ಗಾಡಿಯ ಅಡಿಯನ್ನು ನೋಡಿದಂತೆ ನಮ್ಮ ಹಿರಿಯ ಒಕ್ಕಲಿಗರಿಬ್ಬರು ಎತ್ತಿನ ಹೆಗಲನ್ನು ಮುಟ್ಟಿ ನೋಡಿದರೆ ಸಾಕು. ನೊಗ ಹೊತ್ತ ಹೆಗಲಿನ ಗಟ್ಟಿಯನ್ನು ಮುಚ್ಚಿಡಲೂ ಬಾರದು, ಕೊಂಡು ತರಲೂ ಬಾರದು.

ಮೊನ್ನೆ ಸಂತೆಯಲ್ಲಿ ಸಿಕ್ಕವರಿಂದ ತಿಳಿಯಿತು: ಹುಡುಗನು ಮನೆಯ ಜೋಡಿಯನ್ನು ಮಾರಲಿಲ್ಲ. ಹಳೆಯ ಗಾಣದ ಕಲ್ಲೊಂದನ್ನು ಹೊಲದ ಬದುವಿನ ಬಳಿಗೆ ಉರುಳಿಸಿ ತಂದು, ಸಂಜೆ ಆ ಎತ್ತುಗಳಿಗೇ ಅದನ್ನು ಕಟ್ಟಿ ರೂಢಿ ಮಾಡಿಸುತ್ತಿದ್ದಾನಂತೆ. ಅದು ಎಷ್ಟು ಹೆಜ್ಜೆ ಸರಿಯಿತೆಂಬುದನ್ನು ಎಣಿಸುವವನು ಅವನ ತಂದೆ.